ಶಾಲಾ ಸಹಯೋಗ, ಅಂತರರಾಷ್ಟ್ರೀಯ

ಭಿನ್ನ ದೇಶಗಳ ವಿದ್ಯಾರ್ಥಿಗಳು ಒಂದೇ ವಿಷಯವನ್ನು ತಂತಮ್ಮ ನೆಲದಲ್ಲಿ ಪರಿಶೀಲಿಸಿ, ಕಂಡುದನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಶಿಕ್ಷಣಕ್ರಮ. ಯುನೆಸ್ಕೋ ಸಂಸ್ಥೆಯು 1953ರಲ್ಲಿ 15 ದೇಶಗಳ 33 ಪ್ರೌಢಶಾಲೆಗಳನ್ನು ಕೂಡಿಸಿ ಇದಕ್ಕೆ ವ್ಯವಸ್ಥಿತ ರೂಪವನ್ನಿತ್ತಿತು.

ಇದರ ಪ್ರಯೋಜನವನ್ನು ಲಕ್ಷಣವಾಕ್ಯಕ್ಕಿಂತ ನಿದರ್ಶನವೇ ಚೆನ್ನಾಗಿ ತಿಳಿಸೀತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಾಟೊಸ್ತನೀಸನು ಕೈಗೊಂಡ ಭೂಪರಿಧಿಯ ಗಣನೆಯನ್ನು ಇಂದಿನ ಶಾಲೆಗಳು ಜೊತೆಗೂಡಿ ಮಾಡುವುದುಂಟು. ಮಂಗಳೂರಿನ ಬಜಪೆಯು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿಯೂ, ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ 43 ಡಿಗ್ರಿಯಲ್ಲಿಯೂ, ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿಯೂ ಇರುವುದರಿಂದ, ಉಭಯ ಊರುಗಳ ಮಕ್ಕಳು ಒಂದೇ ದಿನದ ನಡುಹಗಲಿನಲ್ಲಿ ನೆಟ್ಟ ಕೋಲಿನ ನೆರಳನ್ನಳೆದರೆ, ಸೂರ್ಯನ ಕೋನದಲ್ಲಿ 30 ಡಿಗ್ರಿಗಳ ಅಂತರವು ದೊರೆತು, ನಡುವಣ ಸುಮಾರು 3,300 ಕಿ.ಮೀ. ದೂರವನ್ನು ಹನ್ನೆರಡರಿಂದ ಗುಣಿಸಿದಾಗ ಭೂಪರಿಧಿಯು 40,000 ಕಿ.ಮೀ.ಗಳ ಸಮೀಪಕ್ಕೆ ಬರುವುದು. ಒಬ್ಬರ ಅಳತೆ ಕೆಟ್ಟರೆ ಇಬ್ಬರ ಲೆಕ್ಕವೂ ಕೆಡುವುದರಿಂದ, ಪಠ್ಯಪುಸ್ತಕವು ಕಲಿಸಲಾರದ ಹೊಣೆಗಾರಿಕೆಯನ್ನು ಈ ಕಾರ್ಯವು ತಾನಾಗಿಯೇ ಬೋಧಿಸುತ್ತದೆ.

ಒಂದೆಡೆ ನೆರಳಿಲ್ಲದ ದಿನ ಈ ಲೆಕ್ಕವು ಇನ್ನೂ ಸರಳವಾಗುವುದಾದರೂ, ಬಜಪೆಯಲ್ಲಿ ಕೋಲಿಗೆ ನೆರಳೇ ಇರದ ಮಧ್ಯಾಹ್ನಗಳು ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮೂರನೆಯ ವಾರದಲ್ಲಿಯೂ ಒದಗುವುವು. ಮೊದಲನೆಯದು ಬೇಸಗೆ ರಜೆಯ ಪಾಲು, ಎರಡನೆಯದು ಬಹುಮಟ್ಟಿಗೆ ಮಳೆಮೋಡದ ಪಾಲು. ಆದಕಾರಣ ಕರಾವಳಿಯ ಶಾಲೆಗಳಿಗೆ ಆಕಾಶವು ನಿರ್ಮಲವಾಗಿರುವ ಮಾರ್ಚ್ ತಿಂಗಳ ವಿಷುವವೇ ಅನುಕೂಲ.