ಕೀಲಿಪದ

ಸಂಸ್ಕೃತದ ‘ಕೀಲ’ ಎಂದರೆ ಗೂಟ, ಬೆಣೆ, ಅಗುಳಿ. ನಮ್ಮ ‘ಕೀಲು’, ‘ಕೀಲಿ’ ಎರಡೂ ಅದರ ಮಕ್ಕಳು. ಧಾರವಾಡದ ಕಡೆ ಬಾಗಿಲಿಗೆ ಹಾಕುವ ಬೀಗವೇ ಕೀಲಿ. ಅದನ್ನು ತೆರೆಯುವುದು ಕೀಲಿಕೈ. ಮೈಸೂರು ಸೀಮೆಯಲ್ಲಿ ಅದೇ ಬೀಗದಕೈ. ಅಂತರ್ಜಾಲದಲ್ಲಿ ಹುಡುಕಲು ಬರೆಯುವ ಪದ ‘ಕೀಲಿಪದ’. ಕಡತದೊಳಗೂ ಅದೇ ಪದವಿದ್ದರೆ ಬಾಗಿಲು ತೆರೆಯುತ್ತದೆ.

ಕನ್ನಡಕ್ಕೆ ತೊಡಕಿರುವುದು ಇಲ್ಲೇ. ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಮಾನವಾದ ಅಕ್ಷರ ಸಂಕೇತಕ್ರಮ) ಅಲ್ಲದ ಹಳೆಯ ‘ನುಡಿ’ ಫಾಂಟಿನ ಪಿಡಿಎಫ್ ಕಣ್ಣಿಗೆ ಅಚ್ಚ ಕನ್ನಡ. ಅದರಿಂದ ‘ಕರ್ನಾಟಕ’ವನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ: ಇಂಗ್ಲಿಷಿನ ‘ಪಿ’ಯಿಂದ ಶುರುವಾಗುವ, ಅರ್ಥವಿಲ್ಲದ ಅಕ್ಷರಗಳ ಗೊಂಚಲು ಬೀಳುತ್ತದೆ. ಸರ್ಚ್ ಎಂಜಿನ್‌ಗೆ ಸಿಗುವುದೂ ಆ ಗೊಂಚಲೇ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೂ ಎಷ್ಟೋ ಒಳ್ಳೆಯ ಬರಹಗಳು ಹೀಗೆ ಕತ್ತಲಲ್ಲಿ ಉಳಿದಿರುವುದು ನನಗೆ ನೋವಿನ ಸಂಗತಿ.

ಯೂನಿಕೋಡ್ ಒಂದೇ ಸಾಲದು, ಜನ ಆಡುವ ಪದವೂ ಬೇಕು. ರಾಗಿಯ ರೋಗದ ಕೈಪಿಡಿಗೆ ‘ಬ್ಲಾಸ್ಟ್’ ಎಂದಷ್ಟೇ ಹೆಸರಿಟ್ಟರೆ, ‘ಬೆಂಕಿ ರೋಗ’ ಎಂದು ಹುಡುಕುವ ರೈತನ ಕೈಗೆ ಅದು ಸಿಗದೇ ಹೋಗಬಹುದು.