ಅಗಸಿಯಲ್ಲಿ ಇಳಿಸಿದ ಗಂಟು

ಪ್ರವಾಸದ ಚರಿತ್ರೆಯನ್ನು ಬರೆದವರು ಹಳಿಗಳ ಚರಿತ್ರೆಯನ್ನು ಬರೆದಿದ್ದಾರೆ, ಯಂತ್ರಗಳ ಚರಿತ್ರೆಯನ್ನು ಬರೆದಿದ್ದಾರೆ. ಗಂಟುಮೂಟೆಯ ಚರಿತ್ರೆಯನ್ನು ಬರೆದವರು ವಿರಳ. ಎಷ್ಟು ಮೈಲು ಹಳಿ ಹಾಸಿದರು, ಎಷ್ಟು ಸುರಂಗ ಕೊರೆದರು ಎಂಬ ಲೆಕ್ಕ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಗಾಡಿಯಿಂದ ಇಳಿದ ಮನುಷ್ಯನು ತನ್ನ ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ರೊಟ್ಟಿಯ ಬುತ್ತಿಯನ್ನೂ ಹೊತ್ತು ಮನೆಯ ಬಾಗಿಲನ್ನು ಹೇಗೆ ಮುಟ್ಟಿದನೆಂಬುದು ಆ ಲೆಕ್ಕದೊಳಗೆ ಬರುವುದಿಲ್ಲ. ನಾಡು ಬಿಟ್ಟು ಬಂದು ಪುಣೆಯಲ್ಲಿ ನೆಲೆಸಿದ ನಮಗಾದರೋ ಈ ಎರಡನೆಯ ಚರಿತ್ರೆಯೇ ಹೆಚ್ಚು ಪರಿಚಿತವಾದದ್ದು.

ಈಗ ಈ ಮಾತನ್ನು ಎತ್ತಲು ಕಾರಣವುಂಟು. ನಮ್ಮಲ್ಲಿ ಅನೇಕರ ತಂದೆತಾಯಿಗಳು ಇಂದು ಬೆಂಗಳೂರಿನಿಂದ ವಿಮಾನದಲ್ಲಿ ಬಂದು ಲೋಹಗಾಂವದಲ್ಲಿ ಇಳಿಯುತ್ತಾರೆ. ಪುಣೆಗೆ ಮೆಟ್ರೋ ಬಂದಿದೆಯೆಂದು ಅವರು ಕೇಳಿರುತ್ತಾರೆ. “ಅಲ್ಲಿಂದ ಊರೊಳಗೆ ರೈಲಿನಲ್ಲೇ ಬರಲೇನಪ್ಪಾ?” ಎಂದು ಮಗನನ್ನು ವಿಚಾರಿಸುತ್ತಾರೆ. ಬರಬಹುದು ಎಂದರೂ ನಿಜ, ಬರಲಾಗದು ಎಂದರೂ ನಿಜ. ಇದರ ಮರ್ಮವನ್ನು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಪುಣೆಗೆ ಹೊಗೆಬಂಡಿ ಬಂದದ್ದು ೧೮೫೮ರಲ್ಲಿ. ಆದರೆ ಅದು ಮುಂಬಯಿಯಿಂದ ನೇರವಾಗಿ ಬರಲಿಲ್ಲ. ಘಟ್ಟದ ಕೆಳಗೆ ಖೋಪೋಲಿಯವರೆಗೆ ಒಂದು ಹಳಿ, ಘಟ್ಟದ ಮೇಲೆ ಖಂಡಾಳೆಯಿಂದ ಪುಣೆಗೆ ಇನ್ನೊಂದು ಹಳಿ. ನಡುವೆ ಬೋರಘಾಟಿನ ಕಡಿದಾದ ಏರು. ಅಲ್ಲಿ ಪ್ರವಾಸಿಗಳು ಪಾಲಕಿಯಲ್ಲಿಯೋ ತಟ್ಟಿನ ಮೇಲೆಯೋ ಚಕ್ಕಡಿಯಲ್ಲಿಯೋ ಹತ್ತಿ ಇಳಿಯಬೇಕಾಗಿತ್ತು. ಅವರ ಸಾಮಾನನ್ನು ಜನರೇ ಹೊರಬೇಕಾಗಿತ್ತು. ೧೮೬೩ರ ಎಪ್ರಿಲ್ ತಿಂಗಳಲ್ಲಿ ಘಟ್ಟದ ಹಳಿ ತೆರೆಯಿತು. ಇಪ್ಪತ್ತೈದು ಸುರಂಗಗಳ ಆ ಸಾಹಸವನ್ನು ಎಲ್ಲರೂ ಕೊಂಡಾಡಿದರು. ಐದು ವರ್ಷ ಘಟ್ಟದಲ್ಲಿ ಗಂಟು ಹೊತ್ತವರನ್ನು ಯಾರೂ ನೆನೆಯಲಿಲ್ಲ.

ಇನ್ನೊಂದು ಸಂಗತಿ. ಸ್ಟೇಷನ್ನನ್ನು ಕಟ್ಟಿದ್ದು ಪೇಠೆಗಳ ನಡುವೆ ಅಲ್ಲ. ಹಳೆಯ ಊರಿನ ಹೊರಗೆ, ದಂಡಿನ ಮಗ್ಗುಲಿಗೆ. ಶನಿವಾರ ಪೇಠೆಗೋ ಸದಾಶಿವ ಪೇಠೆಗೋ ಹೋಗುವವನು ಅಲ್ಲಿಂದ ಟಾಂಗಾ ಹಿಡಿಯಲೇಬೇಕು. ಅಂದರೆ ಹೊಗೆಬಂಡಿ ನಮ್ಮನ್ನು ಊರ ಅಗಸಿಯವರೆಗೆ ತಂದು ಬಿಟ್ಟಿತು. ಒಳಗೆ ಬರುವ ಹೊಣೆ ನಮ್ಮದಾಯಿತು.

ಕನ್ನಡಿಗರ ದಾರಿ ದಕ್ಷಿಣದಿಂದ ಬಂತು. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಲೋಂಡಾ, ಬೆಳಗಾವಿ, ಮಿರಜಗಳ ಮೇಲಿಂದ ಮೀಟರ್ ಗೇಜ್ ಹಳಿಯನ್ನು ಪುಣೆಗೆ ತಂದು ಮುಟ್ಟಿಸಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು ೧೯೧೭ರಲ್ಲಿ. ಅಲ್ಲಿಯವರೆಗೆ ಉಚ್ಚ ಶಿಕ್ಷಣ ಬೇಕೆಂದ ನಮ್ಮ ಕಡೆಯ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರು ಕಲಿತದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು ೧೯೧೮ರಲ್ಲಿ ಬಿ.ಎ. ಆದದ್ದೂ ಅಲ್ಲಿಯೇ. ಕರ್ನಾಟಕದ ಏಕೀಕರಣಕ್ಕೆ ದುಡಿದ ಎಷ್ಟೋ ತಲೆಗಳು ಒಮ್ಮೆ ಪುಣೆಯ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿಕೊಂಡ ತಲೆಗಳೇ ಎಂದರೆ ಅತಿಶಯೋಕ್ತಿಯಾಗದು.

ಪುಣೆಯಲ್ಲಿ ಆಗ ಎರಡು ಅಗಲದ ಹಳಿಗಳು ಎದುರುಬದುರಾದವು. ಮುಂಬಯಿಯ ಹಳಿ ಐದೂವರೆ ಅಡಿ. ನಮ್ಮದು ಮೂರೂಕಾಲು ಅಡಿಗಿಂತ ಕೂದಲೆಳೆ ಹೆಚ್ಚು. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಮುಂಬಯಿಗೆ ಹೋಗುವ ಹುಬ್ಬಳ್ಳಿಯವನು ಪುಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. ಪುಣೆಯವರಾದ ನಮಗೆ ಆ ತೊಂದರೆ ಇರಲಿಲ್ಲ. ಹತ್ತಿದ ಡಬ್ಬಿಯಲ್ಲೇ ಊರು ಬರುತ್ತಿತ್ತು. ವಿಜಾಪುರ, ಬಾಗಲಕೋಟೆಯ ಬಂಧುಗಳಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ಅವರು ಹೊಟಗಿಯ ಕಡೆಯಿಂದ ಬರುವವರಾದ್ದರಿಂದ ಅಲ್ಲೇ ಹಳಿ ಬದಲಾಗುತ್ತಿತ್ತು.

೧೯೭೧ರ ಹೊತ್ತಿಗೆ ಪುಣೆ-ಮಿರಜ ಹಳಿ ಅಗಲವಾಯಿತು. ಇದು ಪ್ರಗತಿಯೇ ಸರಿ. ಆದರೆ ಮಿರಜದಿಂದ ದಕ್ಷಿಣಕ್ಕೆ ಹಳಿ ಇನ್ನೂ ಮೀಟರ್ ಗೇಜೇ ಆಗಿತ್ತು. ಅದರಿಂದ ಪುಣೆಯಲ್ಲಿದ್ದ ಕೀಲು ಮಿರಜಕ್ಕೆ ಸರಿಯಿತು; ಮುಂಬಯಿಯವರ ಕಷ್ಟ ನಮ್ಮ ಕಷ್ಟವಾಯಿತು. ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಪುಣೆಯ ಕನ್ನಡ ಮನೆಗಳಲ್ಲಿ ‘ಮಿರಜ’ ಎಂದರೆ ಒಂದು ಊರಲ್ಲ, ಒಂದು ಪರೀಕ್ಷೆ. ನಡುರಾತ್ರಿಯೋ ನಸುಕೋ ಮಕ್ಕಳನ್ನು ಎಬ್ಬಿಸಬೇಕು; ಸಾಮಾನು ಎಣಿಸಬೇಕು. ಹಮಾಲನು ಎರಡು ಟ್ರಂಕನ್ನು ತಲೆಯ ಮೇಲೆ, ಹೋಲ್ಡಾಲನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಓಡಿದರೆ, ಹಿಂದೆ ತಾಯಿ, ತಾಯಿಯ ಹಿಂದೆ ನೀರಿನ ತಂಬಿಗೆ ಹಿಡಿದ ಮಗಳು. ಅತ್ತ ಕಾದು ನಿಂತ ಚಿಕ್ಕ ಗಾಡಿಯ ಕಿಟಕಿಯೊಳಗೆ ಯಾರೋ ಟವೆಲು ಎಸೆದು ಜಾಗ ಹಿಡಿದಿರುತ್ತಾರೆ. ಕೂಲಿಯ ಚೌಕಾಶಿ ಅರ್ಧ ಮರಾಠಿಯಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಭಾಷೆಯ ಗಡಿ ಎಲ್ಲಿದೆ ಎಂದು ಪಂಡಿತರು ವಾದಿಸಲಿ. ಮಿರಜದ ಹಮಾಲನಿಗೆ ಅದು ಗೊತ್ತಿತ್ತು. (ಆ ಹಮಾಲರ ಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ೨೦೦೮ರ ರೈಲ್ವೆ ಬಜೆಟ್ಟಿನಲ್ಲಿ ಅವರನ್ನು ಹಳಿ ಕಾಯುವ ಕೆಲಸಕ್ಕೆ ಸೇರಿಸಿಕೊಳ್ಳುವುದಾಗಿ ಸಾರಿದರು. ೨೦೧೬ರಲ್ಲಿ ‘ಕೂಲಿ’ ಎಂಬ ಹೆಸರನ್ನು ತೆಗೆದು ‘ಸಹಾಯಕ’ ಎಂದರು. ಹೆಸರು ಒಳ್ಳೆಯದೇ, ಅಷ್ಟರಲ್ಲಿ ಸೂಟ್‌ಕೇಸಿಗೆ ಗಾಲಿ ಬಂದಿತ್ತು.)

೧೯೯೦ರ ದಶಕದಲ್ಲಿ ಮಿರಜದಿಂದಾಚೆಯ ಹಳಿಯೂ ಅಗಲವಾಯಿತು. ೨೦೨೪ರ ಸಪ್ಟಂಬರಿನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ ಗಾಡಿಯೂ ಓಡುತ್ತಿದೆ. ರೈಲಿನ ಮಟ್ಟಿಗೆ ನಮ್ಮ ಗಂಟು ನಡುದಾರಿಯಲ್ಲಿ ಇಳಿಯುವುದು ನಿಂತಿತು.

ಅಷ್ಟರಲ್ಲಿ ನಾವು ವಿಮಾನ ಹತ್ತಿದ್ದೆವು. ಲೋಹಗಾಂವದ ವಿಮಾನ ತಾಣವು ೧೯೩೯ರಲ್ಲಿ ಯುದ್ಧದ ಅಗತ್ಯಕ್ಕಾಗಿ ಹುಟ್ಟಿದ್ದು. ಇಂದಿಗೂ ಅದು ವಾಯುಸೇನೆಯದೇ. ನಾಗರಿಕ ವಿಮಾನಗಳು ಅಲ್ಲಿ ಬಿಡಾರ ಹೂಡಿದ ಅತಿಥಿಗಳು. ಸೇನೆಯ ತಾಣವನ್ನು ಕಟ್ಟುವವರು ಊರಿನ ಮುದುಕರು ಪೆಟ್ಟಿಗೆ ಹಿಡಿದು ಹೇಗೆ ಬರುವರೆಂದು ಯೋಚಿಸುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ರೈಲ್ವೆ ಸ್ಟೇಷನ್ನಿಗೂ ಅದಕ್ಕೂ ಹತ್ತು ಕಿಲೋಮೀಟರಿನ ಆಸುಪಾಸು ಅಂತರ. ಈ ಅಂತರವನ್ನು ಮೊದಲು ಟ್ಯಾಕ್ಸಿ ತುಂಬಿತು, ಆಮೇಲೆ ರಿಕ್ಷಾ.

ಬೇರೆ ದೇಶಗಳಲ್ಲಿ ಈ ವಿಚಾರ ಬಹಳ ಹಿಂದೆಯೇ ಹೊಳೆದಿತ್ತು. ಬರ್ಲಿನ್ನಿನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣಕ್ಕೆ ೧೯೨೭ರಲ್ಲೇ ನೆಲದಡಿಯ ರೈಲಿನ ಸ್ಟೇಷನ್ ಆಯಿತು. ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ೧೯೩೬ರಲ್ಲಿ ದುಂಡನೆಯ ಕಟ್ಟಡವೊಂದನ್ನು ಕಟ್ಟಿ, ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಸುರಂಗದಾರಿ ತೋಡಿದರು. ಮಳೆಯಲ್ಲಿ ನೆನೆಯದೆ ಗಾಡಿಯಿಂದ ವಿಮಾನಕ್ಕೆ ನಡೆಯಬಹುದಾಗಿತ್ತು. ನಮ್ಮ ದಿಲ್ಲಿಯಲ್ಲಿ ೨೦೧೧ರ ಫೆಬ್ರುವರಿಯಲ್ಲಿ ತೆರೆದ ವಿಮಾನ ನಿಲ್ದಾಣದ ಮೆಟ್ರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಊರ ನಡುವಿನ ಸ್ಟೇಷನ್ನಿನಲ್ಲೇ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸಿ ಕೈ ಬೀಸಿಕೊಂಡು ಹೋಗುವ ಅನುಕೂಲ. ನನ್ನ ದೃಷ್ಟಿಯಲ್ಲಿ ಗಾಡಿಯ ವೇಗಕ್ಕಿಂತ ಇದೇ ದೊಡ್ಡ ಸುಧಾರಣೆ. ಆ ಹಳಿಗೂ ಕಷ್ಟ ತಪ್ಪಲಿಲ್ಲ. ೨೦೧೨ರಲ್ಲಿ ದೋಷ ಕಂಡು ಕೆಲವು ತಿಂಗಳು ಗಾಡಿಗಳನ್ನು ನಿಲ್ಲಿಸಿದ್ದರು.

ನಮ್ಮ ಬೆಂಗಳೂರಿನ ಕಥೆ ಹೆಚ್ಚು ಸ್ವಾರಸ್ಯವಾಗಿದೆ. ೨೦೦೮ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ಊರೊಳಗಿನ ಎಚ್.ಎ.ಎಲ್. ಬಿಟ್ಟು, ಊರ ನಡುವಿನಿಂದ ಸುಮಾರು ಮೂವತ್ತೈದು ಕಿಲೋಮೀಟರು ದೂರದ ದೇವನಹಳ್ಳಿಯ ಬಳಿಗೆ ಹೋಯಿತು. ಅಲ್ಲಿ ಮೊದಲೇ ಹಳಿ ಇತ್ತು! ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಸಿದ ಕಿರುಹಳಿಯ ದಾರಿ ಅದು, ಮುಂದೆ ಅಗಲವಾಯಿತು. ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲೇ ಗಾಡಿ ಹೋಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಒಂದು ಚಿಕ್ಕ ಹಾಲ್ಟ್ ಸ್ಟೇಷನ್ ಕಟ್ಟಿ ಗಾಡಿ ನಿಲ್ಲಿಸಲು ಹನ್ನೆರಡು ವರ್ಷ ಬೇಕಾದವು. ಮೊದಲ ಗಾಡಿ ನಿಂತದ್ದು ೨೦೨೧ರ ಜನವರಿ ೪ರಂದು. ಟಿಕೆಟ್ಟಿನ ದರ ಟ್ಯಾಕ್ಸಿಯ ಮುಂದೆ ಏನೂ ಅಲ್ಲ. ಆದರೂ ಹಾಲ್ಟಿನಿಂದ ಟರ್ಮಿನಲ್ಲಿಗೆ ಮತ್ತೆ ಬಸ್ಸು ಹತ್ತಬೇಕು, ಗಾಡಿಗಳು ಬೆರಳೆಣಿಕೆಯಷ್ಟು, ವಿಮಾನದ ವೇಳೆಗೂ ಗಾಡಿಯ ವೇಳೆಗೂ ಹೊಂದಿಕೆ ಕಡಿಮೆ. ಪೆಟ್ಟಿಗೆಯುಳ್ಳವನು ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕೆಂದರೆ ಅಗ್ಗದ ಟಿಕೆಟ್ಟಿಗೂ ಒಲಿಯುವುದಿಲ್ಲ.

ಇನ್ನು ಪುಣೆಗೆ ಬರೋಣ. ಇಲ್ಲಿಯ ಮೆಟ್ರೋ ೨೦೨೨ರ ಮಾರ್ಚ್ ೬ರಂದು ಆರಂಭವಾಯಿತು. ೨೦೨೪ರ ಮಾರ್ಚಿನಲ್ಲಿ ರಾಮವಾಡಿಯವರೆಗೆ ಹೋಯಿತು. ಅದೇ ವರ್ಷದ ಜುಲೈಯಲ್ಲಿ ಲೋಹಗಾಂವದ ಹೊಸ ಟರ್ಮಿನಲ್ ಬಳಕೆಗೆ ಬಂತು. ಕೆಲವೇ ತಿಂಗಳ ಅಂತರದಲ್ಲಿ ಎರಡೂ ಸಿದ್ಧವಾದವು, ಆದರೆ ಒಂದನ್ನೊಂದು ಮುಟ್ಟಲಿಲ್ಲ. ರಾಮವಾಡಿಗೂ ಟರ್ಮಿನಲ್ಲಿಗೂ ಮೂರು-ನಾಲ್ಕು ಕಿಲೋಮೀಟರ್. ಅಲ್ಲಿ ಬಸ್ಸೋ ರಿಕ್ಷಾವೋ ಆಗಬೇಕು. ೨೦೨೫ರ ಜೂನಿನಲ್ಲಿ ಕೇಂದ್ರ ಸಂಪುಟವು ರಾಮವಾಡಿಯಿಂದ ಮುಂದೆ ವಾಘೋಲಿಯ ಕಡೆಗೆ ಹಳಿ ಬೆಳೆಸಲು ಒಪ್ಪಿಗೆ ಕೊಟ್ಟಿತು. ಅದು ನಗರ ರಸ್ತೆಯ ಗುಂಟ ಹೋಗುತ್ತದೆಯೇ ಹೊರತು ವಿಮಾನ ನಿಲ್ದಾಣದೊಳಗೆ ಹೋಗುವುದಿಲ್ಲ. ಖೋಪೋಲಿ ಮತ್ತು ಖಂಡಾಳೆಗಳ ನಡುವಿನ ಘಟ್ಟ ಕಡಿದಾಗಿತ್ತು, ಅಲ್ಲಿ ಹಳಿ ಹಾಕುವುದು ತಡವಾದದ್ದಕ್ಕೆ ಅರ್ಥವಿತ್ತು. ರಾಮವಾಡಿಯ ಮುಂದೆ ಘಟ್ಟವೇನೂ ಇಲ್ಲ.

ಪುರಂದರ ತಾಲೂಕಿನಲ್ಲಿ ಹೊಸ ವಿಮಾನ ನಿಲ್ದಾಣ ಮಾಡುವ ಮಾತು ವರ್ಷಗಳಿಂದ ನಡೆದಿದೆ. ಹೊಲ ಕಳೆದುಕೊಳ್ಳಲಿರುವ ರೈತರ ವಿರೋಧವೂ ಇದೆ, ಅದನ್ನು ಹಗುರಾಗಿ ಕಾಣಲಾಗದು. ಅದು ಆಗುವುದಾದರೆ, ನಕ್ಷೆಯಲ್ಲಿ ಓಡುದಾರಿ ಬರೆಯುವ ದಿನವೇ ರೈಲಿನ ಗೆರೆಯನ್ನೂ ಎಳೆಯಬೇಕೆಂದು ಪುಣೆಯ ಎಲ್ಲ ಭಾಷೆಯವರೂ ಕೂಡಿ ಕೇಳತಕ್ಕದ್ದು. ದೇವನಹಳ್ಳಿಯಲ್ಲಿ ಹಳಿ ಮೊದಲೇ ಇದ್ದೂ ಹನ್ನೆರಡು ವರ್ಷ ಹೋದವು.

ಸದ್ಯಕ್ಕೆ ಊರಿನಿಂದ ಬರುವ ಹಿರಿಯರಿಗೆ ಹೇಳಬೇಕಾದದ್ದು ಇಷ್ಟು. ಒಂದೇ ಪೆಟ್ಟಿಗೆ ಇದ್ದು, ಅದಕ್ಕೆ ಗಾಲಿ ಇದ್ದು, ಮನೆ ಡೆಕ್ಕನ್ ಕಡೆಗೋ ವನಾಜ ಕಡೆಗೋ ಇದ್ದರೆ ರಾಮವಾಡಿಯಲ್ಲಿ ಮೆಟ್ರೋ ಹತ್ತಿದರೆ ಸಾಕು, ನಡುವೆ ಇಳಿಯಬೇಕಿಲ್ಲ. ಸ್ವಾರಗೇಟಿಗೋ ಪಿಂಪ್ರಿಗೋ ಹೋಗುವವರು ಸಿವಿಲ್ ಕೋರ್ಟಿನಲ್ಲಿ ಬದಲಿಸಬೇಕು. ಅಲ್ಲಿ ಮೇಲಿನ ಹಳಿಯಿಂದ ನೆಲದಡಿ ಸುಮಾರು ೩೩ ಮೀಟರು ಆಳದ ಹಳಿಗೆ ಇಳಿಯಬೇಕಾಗುತ್ತದೆ. ಲಿಫ್ಟು ಇದೆ, ಆತುರಪಟ್ಟು ಎಸ್ಕಲೇಟರಿನ ಮೇಲೆ ಪೆಟ್ಟಿಗೆ ಇಡಬಾರದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕರದಂಟಿನ ಡಬ್ಬಿಗಳೊಂದಿಗೆ ಎರಡು-ಮೂರು ಗಂಟು ಕಟ್ಟಿಕೊಂಡು ಬರುವವರಾದರೆ ಮಗನನ್ನೋ ಅಳಿಯನನ್ನೋ ನಿಲ್ದಾಣಕ್ಕೆ ಕರೆಸಿಕೊಳ್ಳುವುದೇ ಲೇಸು.