ಒಣಮಾಂಸ ಮತ್ತು ಒಂದು ಸೋರೆಕಾಯಿ

ಬಕ್ರೀದ್‌ನ ಮರುದಿನ ನಮ್ಮ ಅಡುಗೆಮನೆಗಳಲ್ಲಿ ಕೇಳಿಬರುವ ದೂರು ಒಂದೇ. ಕೆಂಡದ ಮೇಲೆ ಹೊಗೆ ಹಿಡಿಸಿ ಬೇಯಿಸಿದ ಮಾಂಸ ನಿನ್ನೆ ಬೆಣ್ಣೆಯಂತಿತ್ತು, ಇಂದು ಬಿಸಿ ಮಾಡಿದರೆ ಚಪ್ಪಲಿಯ ಚರ್ಮದಂತಾಗಿದೆ! ಫ್ರಿಜ್‌ನಿಂದ ತೆಗೆದು ನೇರ ಬಾಣಲೆಗೆ ಸುರಿದು ದೊಡ್ಡ ಉರಿ ಕೊಟ್ಟರೆ ಇನ್ನೇನಾದೀತು? ಆದರೆ ಇದು ಫ್ರಿಜ್ ಬಂದ ಮೇಲೆ ಹುಟ್ಟಿದ ಸಮಸ್ಯೆಯಲ್ಲ. ಮಾಂಸ ಕೆಡದಿರಬೇಕಾದರೆ ಅದರ ನೀರನ್ನು ತೆಗೆಯಬೇಕು, ತಿನ್ನಬೇಕಾದರೆ ಆ ನೀರನ್ನು ಹೇಗಾದರೂ ಹಿಂದಿರುಗಿಸಬೇಕು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು.

ದುಲ್‌ಹಜ್ಜ್ ತಿಂಗಳ 11, 12 ಮತ್ತು 13ನೇ ದಿನಗಳನ್ನು ನಾವು 'ತಶ್ರೀಕ್'ನ ದಿನಗಳೆನ್ನುತ್ತೇವೆ. ಆ ದಿನಗಳ ತಕ್ಬೀರ್ ನಮಗೆಲ್ಲ ಗೊತ್ತು. ಆದರೆ ಆ ಪದದ ಅರ್ಥವೇನೆಂದು ಕೇಳಿದವರು ಕಡಿಮೆ. ಭಾಷಾ ಪಂಡಿತರು ಕೊಡುವ ವಿವರಣೆಗಳಲ್ಲಿ ಒಂದು ಹೀಗಿದೆ: ಬಲಿಮಾಂಸವನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಿಸಿಲಿಗೆ ಹರಡುವುದೇ ತಶ್ರೀಕ್. ಅಂದರೆ ನಮ್ಮ ಆರಾಧನೆಯ ಪಂಚಾಂಗದಲ್ಲಿ ಒಣಗಲು ಹಾಕಿದ ಮಾಂಸದ ಹೆಸರೂ ಸೇರಿಕೊಂಡಿದೆ. ಹಾಗೆ ಒಣಗಿಸಿದ ಮಾಂಸಕ್ಕೆ ಅರಬರು 'ಖದೀದ್' ಎನ್ನುತ್ತಿದ್ದರು.

ಖದೀದ್ ಶ್ರೀಮಂತರ ಊಟವಾಗಿರಲಿಲ್ಲ. ಪ್ರವಾದಿವರ್ಯರ(ಸ) ಮುಂದೆ ನಿಂತು ಭಯದಿಂದ ನಡುಗುತ್ತಿದ್ದ ವ್ಯಕ್ತಿಯೊಬ್ಬನಿಗೆ, ತಾನು ರಾಜನಲ್ಲ, ಒಣಮಾಂಸ ತಿನ್ನುತ್ತಿದ್ದ ಸ್ತ್ರೀಯೊಬ್ಬಳ ಮಗನೆಂದು ಅವರು ಧೈರ್ಯ ತುಂಬಿದ ಘಟನೆ ಇಬ್ನುಮಾಜಃದಲ್ಲಿದೆ. ತನ್ನ ಸಾಮಾನ್ಯತನವನ್ನು ತಿಳಿಸಲು ಅವರು ಆರಿಸಿಕೊಂಡದ್ದು ತಾಯಿಯ ತಟ್ಟೆಯನ್ನು.

ಮದೀನಾದ ದರ್ಜಿಯೊಬ್ಬರು ಪ್ರವಾದಿವರ್ಯರನ್ನು(ಸ) ಊಟಕ್ಕೆ ಕರೆದ ಪ್ರಸಂಗವನ್ನು ಅನಸ್(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ಬಡಿಸಿದ್ದು ಜವೆಗೋಧಿಯ ರೊಟ್ಟಿ ಮತ್ತು ಸೋರೆಕಾಯಿ, ಖದೀದ್ ಹಾಕಿದ ಸಾರು. ಪ್ರವಾದಿವರ್ಯರು(ಸ) ತಟ್ಟೆಯ ಸುತ್ತಲಿನಿಂದ ಸೋರೆಯ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದರು, ಅಂದಿನಿಂದ ಅನಸ್‌ರಿಗೂ(ರ) ಸೋರೆ ಪ್ರಿಯವಾಯಿತು. ಪ್ರವಚನಗಳಲ್ಲಿ ಇದನ್ನು ಸೋರೆಕಾಯಿಯ ಮಹಿಮೆಗಾಗಿ ಹೇಳುತ್ತಾರೆ. ನಾವು ಸ್ವಲ್ಪ ಆ ದರ್ಜಿಯ ಮನೆಯ ಒಲೆಯ ಬಳಿಗೂ ಹೋಗಿ ನೋಡೋಣ. ಸೋರೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರು. ನಿಧಾನವಾಗಿ ಬೇಯುವಾಗ ಸೋರೆ ತನ್ನ ನೀರನ್ನು ಬಿಡುತ್ತದೆ, ಒಣಮಾಂಸ ಅದನ್ನು ಹೀರಿ ತನ್ನ ಉಪ್ಪನ್ನೂ ಸಾರವನ್ನೂ ಬಿಟ್ಟುಕೊಡುತ್ತದೆ. ಬರೇ ಕೆಂಡದಲ್ಲಿ ಸುಟ್ಟಿದ್ದರೆ ಆ ಮಾಂಸ ಹಲ್ಲಿಗೆ ಬಗ್ಗುತ್ತಿರಲಿಲ್ಲ. ದಖ್ಖನಿನ ದಾಲ್ಚದಲ್ಲಿ ಇಂದಿಗೂ ಬೇಳೆ ಮತ್ತು ಮಾಂಸದ ಜೊತೆ ಸೋರೆಕಾಯಿ ಬೇಯುತ್ತದೆ.

ಮೊರೊಕ್ಕೊದವರು ಹಿಡಿದದ್ದು ಬೇರೆ ದಾರಿ. ಅಲ್ಲಿನ 'ಖ್ಲೀ'ಗೆ ಮಾಂಸದ ಪಟ್ಟಿಗಳನ್ನು ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಉಪ್ಪು ಸವರಿ ಒಣಗಿಸಿ, ಅನಂತರ ಕೊಬ್ಬಿನಲ್ಲಿ ಬೇಯಿಸಿ, ಅದೇ ಕೊಬ್ಬಿನಲ್ಲಿ ಮುಳುಗಿಸಿಡುತ್ತಾರೆ. ಬೇಕಾದಾಗ ಒಂದಿಷ್ಟು ತೆಗೆದು ಸಣ್ಣ ಉರಿಯಲ್ಲಿ ಕರಗಿಸಿ ಮೇಲೆ ಮೊಟ್ಟೆ ಒಡೆದರೆ ಬೆಳಗಿನ ಉಪಾಹಾರ ಸಿದ್ಧ. ನೀರಿನ ಕೆಲಸವನ್ನು ಅಲ್ಲಿ ಕೊಬ್ಬು ಮಾಡುತ್ತದೆ.

ಮಳೆಯ ನಾಡಿನಲ್ಲಿ ಬಿಸಿಲನ್ನು ನಂಬುವಂತಿಲ್ಲ. ಆದ್ದರಿಂದ ಒಲೆಯ ಮೇಲಿನ ಅಟ್ಟವೇ ಗತಿ. ಕೊಡಗಿನ ಒಣಕ್ ಎರಚಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಹೊಗೆ ಮಾಂಸವನ್ನು ಒಣಗಿಸುವುದಷ್ಟೇ ಅಲ್ಲ, ಅದರಲ್ಲಿರುವ ಫಿನಾಲ್‌ನಂತಹ ವಸ್ತುಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ಕೊಬ್ಬು ಕಮಟಾಗದಂತೆ ಕಾಯುತ್ತವೆ. ತಿನ್ನುವ ಮೊದಲು ಅದನ್ನು ಬಿಸಿನೀರಿನಲ್ಲಿ ನೆನೆಸಿ, ಜಜ್ಜಿ ನಾರು ಬಿಡಿಸಬೇಕು.

ಇಂದಿನ ನಮ್ಮ ಹೊಗೆಮಾಂಸ ಅಷ್ಟು ಒಣಗಿರುವುದಿಲ್ಲ. ಆದರೂ ಒಮ್ಮೆ ಬೆಂದಾಗಲೇ ಅದರ ನಾರುಗಳು ಕುಗ್ಗಿ ರಸ ಹಿಂಡಿರುತ್ತವೆ. ಮತ್ತೆ ದೊಡ್ಡ ಉರಿ ಕೊಟ್ಟರೆ ಉಳಿದದ್ದೂ ಹೋಗುತ್ತದೆ. ಹಳೆಯ ದಮ್ ವಿಧಾನವೇ ಇಲ್ಲಿ ಒಳ್ಳೆಯದು. ತುಂಡನ್ನು ಕತ್ತರಿಸದೆ ದಪ್ಪ ತಳದ ಪಾತ್ರೆಯಲ್ಲಿಟ್ಟು, ಎರಡು ಮೂರು ಚಮಚ ಎಲುಬಿನ ಸಾರನ್ನೋ ನೀರನ್ನೋ ಹಾಕಿ, ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ, ಅಡಿಗೆ ತವಾ ಇಟ್ಟು ಸಣ್ಣ ಉರಿಯಲ್ಲಿ ಬಿಡಬೇಕು. ಒಳಗಿನವರೆಗೂ ಚೆನ್ನಾಗಿ ಬಿಸಿಯಾಗಲೇಬೇಕು, ಸುರಕ್ಷತೆಗೆ 74 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಆಮೇಲೆ ನಾರಿಗೆ ಅಡ್ಡಲಾಗಿ ಕೊಯ್ಯಬೇಕು. ಆ ಹೊತ್ತಿಗೆ ತಿನ್ನುವಷ್ಟನ್ನೇ ಬಿಸಿ ಮಾಡಿ, ಮೂರನೆಯ ಬಾರಿ ಬಿಸಿ ಕಂಡ ಮಾಂಸವನ್ನು ಯಾವ ಸಾರೂ ಉಳಿಸದು.

ಬೇಯಿಸಿದ ಮಾಂಸವನ್ನು ಫ್ರಿಜ್‌ನಲ್ಲಿ ಮೂರು-ನಾಲ್ಕು ದಿನಕ್ಕಿಂತ ಹೆಚ್ಚು ಇಡಬಾರದೆಂಬುದು ಇಂದಿನ ಸಲಹೆ. ಬಲಿಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಡಬಾರದೆಂದು ಪ್ರವಾದಿವರ್ಯರು(ಸ) ಒಂದು ವರ್ಷ ಆದೇಶಿಸಿದ್ದು ಇದೇ ಕಾರಣಕ್ಕೆಂದು ವಾದಿಸುವ ಉತ್ಸಾಹಿಗಳಿದ್ದಾರೆ. ನಮಗೆ ಇದು ಸರಿಕಾಣುವುದಿಲ್ಲ. ಹದೀಸ್ ತಾನೇ ಕಾರಣ ಹೇಳುವಾಗ ನಾವು ಇನ್ನೊಂದನ್ನು ತುರುಕುವುದೇಕೆ? ಆ ವರ್ಷ ಹಳ್ಳಿಗಾಡಿನ ಬಡವರು ಮದೀನಾಕ್ಕೆ ಬಂದಿದ್ದರು. ಮಾಂಸ ಅವರಿಗೆ ತಲುಪಬೇಕಿತ್ತು. ಮುಂದೆ ಜನರು ಆ ನಿಷೇಧದ ಬಗ್ಗೆ ಕೇಳಿದಾಗ, ಅದು ಬಂದವರಿಗಾಗಿ ಆಗಿತ್ತು, ಇನ್ನು ತಿನ್ನಬಹುದು, ಕೂಡಿಡಬಹುದು, ದಾನವನ್ನೂ ಮಾಡಬೇಕು ಎಂದರು. ಒಣಗಿಸುವ ಶ್ರಮವಿದ್ದಾಗ ಒಂದು ಮನೆ ಕೂಡಿಡಬಹುದಾದದ್ದಕ್ಕೆ ಹಗ್ಗದ ಉದ್ದವೇ ಮಿತಿ. ಡೀಪ್ ಫ್ರೀಝರ್‌ಗೆ ಅಂತಹ ಮಿತಿಯಿಲ್ಲ. ನಮ್ಮಲ್ಲಿ ಮುಹರ್ರಮ್‌ವರೆಗೂ ಅದು ತುಂಬಿರುವ ಮನೆಗಳಿವೆ.

ಆಯಿಶಾ(ರ) ಅವರೊಡನೆ ಇದೇ ಆದೇಶದ ಬಗ್ಗೆ ಒಬ್ಬರು ವಿಚಾರಿಸಿದರು. ಜನ ಹಸಿದಿದ್ದ ವರ್ಷ ಅದು ಎಂದು ಅವರು ಉತ್ತರಿಸಿದರು. ಆಡಿನ ಕಾಲುಗಳನ್ನು ಎತ್ತಿಟ್ಟು ಹದಿನೈದು ದಿನಗಳ ನಂತರ ತಿನ್ನುತ್ತಿದ್ದೆವೆಂದೂ ಹೇಳಿದರು. ಅಂತಹ ಅನಿವಾರ್ಯತೆ ಏನಿತ್ತು ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. ಪ್ರವಾದಿವರ್ಯರು(ಸ) ಅಲ್ಲಾಹನೆಡೆಗೆ ತೆರಳುವವರೆಗೂ ಆ ಮನೆಯವರು ಸತತ ಮೂರು ದಿನ ಗೋಧಿರೊಟ್ಟಿಯನ್ನು ಪದಾರ್ಥದೊಂದಿಗೆ ಹೊಟ್ಟೆತುಂಬ ಉಂಡದ್ದಿಲ್ಲ ಎಂದರು.